ಹಳದಿ ಗೆರೆಯ ನೆರೆಯವನು

ಫೆಬ್ರವರಿ 9, ಭಾನುವಾರ

ತಕ್ಕಡಿ ತಂಗಿಗೆ,

ಹ್ಯಾಮ್ ರೇಡಿಯೋ ಮುಂದೆ ಕೂತು ನಿನ್ನ ಜೊತೆ ಮಾತಾಡಬೇಕಾದ ಹೊತ್ತಿನಲ್ಲಿ ಅಣ್ಣ ಕಾಗದ ಬರೆಯುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡ. ಈ ಬೆಳಿಗ್ಗೆ ನೀನು ನಮ್ಮ ಜಾಗಕ್ಕೆ, ನಾವಿಬ್ಬರೂ ಸೇರುವ ಆ ಫ್ರೀಕ್ವೆನ್ಸಿಗೆ, ಬಂದು ಕರೆದಿರುತ್ತೀಯ, ಉತ್ತರ ಸಿಗದೆ ಗೊಣಗಿಕೊಂಡು ಎದ್ದು ಹೋಗಿರುತ್ತೀಯ. ತಪ್ಪು ನನ್ನದಲ್ಲ, ಸೆಟ್ಟಿನದು. ಹೋದ ವಾರ ನೀನು ಏನೋ ಕೇಳಿದೆ, ನಾನು ಇನ್ನೇನೋ ಹೇಳಿದೆ. ಆಮೇಲೆ ಕೆಲಸವಿದೆ ಎಂದು ಅರ್ಧಕ್ಕೇ ಮಾತು ಮುಗಿಸಿದೆ. ಕೆಲಸವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಸೆಟ್ಟು ಹದ ತಪ್ಪಿದೆ, ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು.

ಈಗ ಅದನ್ನು ಬಿಚ್ಚಿ ಮೇಜಿನ ಮೇಲೆ ಹರವಿದ್ದೇನೆ. ಗಿರಣಿಯವರು ಎಸೆದ ಮೋಟಾರ್ ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಕಟ್ಟಿದ ಸೆಟ್ಟಲ್ಲವೇ, ಪೆಟ್ಟಿಗೆ ಗಟ್ಟಿಯಾಗಿದೆ, ಹಿತ್ತಾಳೆ ಗುಂಡಿ ಇನ್ನೂ ಬೆಣ್ಣೆಯ ಹಾಗೆ ತಿರುಗುತ್ತದೆ. ಆದರೆ ಮುಂದಿರುವ ಎರಡು ಸಾಲಿನ ಡಿಸ್‌ಪ್ಲೇ ಅರ್ಧ ಸತ್ತಿದೆ. ಮೂರು ಯಾವುದು, ಎಂಟು ಯಾವುದು ಎಂದು ದೇವರೇ ಹೇಳಬೇಕು.

ಅದಕ್ಕೇ ಒಂದು ಮಾತು. ನೀನು ನಿನ್ನ ಸೆಟ್ಟಿಗೆ ಬಣ್ಣದ ಟಚ್‌ಸ್ಕ್ರೀನ್ ಹಾಕಿದಾಗ ನಾನು ಎಷ್ಟು ಆಡಿಕೊಂಡೆ, ನೆನಪಿದೆಯಾ? ರೇಡಿಯೋ ಎಂದರೆ ಕಿವಿಯ ಕೆಲಸ, ಬಣ್ಣ ಬೇಕಾದವರು ಸರ್ಕಸ್ಸಿಗೆ ಹೋಗಲಿ ಎಂದಿದ್ದೆ. ಆ ಮಾತನ್ನು ನುಂಗಿಕೊಂಡಿದ್ದೇನೆ. ನನಗೂ ಅಂಥದ್ದೊಂದು ಮಾಡಿ ಕೊಡು. ಊರಿನ ಅಂಗಡಿ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿ ಅಂಕಿ ಮೂಡಿಸುವವಳು ನೀನು, ನಿನಗದು ಎಷ್ಟರ ಕೆಲಸ?

ಫೋನ್ ಮಾಡಬೇಡ. ಫೋನಿನಲ್ಲಿ ಮಾತಾಡಿದರೆ ರೇಡಿಯೋಗೆ ಅವಮಾನ ಎಂದು ನಾವಿಬ್ಬರೇ ಮಾಡಿಕೊಂಡ ಕಾನೂನು ಹಾಗೇ ಇರಲಿ. ಸೆಟ್ಟು ಎದ್ದು ಕೂರುವ ತನಕ ಕಾಗದ ನಡೆಯುತ್ತದೆ.

ಗಿರಣಿ ಅಣ್ಣ


ಫೆಬ್ರವರಿ 20, ಗುರುವಾರ

ಅಣ್ಣನವರಿಗೆ,

ನಿಮ್ಮ ಕಾಗದ ಓದಿ ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಎದುರಿಗೆ ನಿಂತಿದ್ದ ತರಕಾರಿಯವನು ತನ್ನ ತಕ್ಕಡಿಯ ಗತಿ ನೋಡಿ ನಗುತ್ತಿದ್ದೇನೆಂದು ಮುಖ ಸಣ್ಣದು ಮಾಡಿಕೊಂಡ. ಅವನಿಗೆ ಹೇಗೆ ಹೇಳಲಿ, ಸರ್ಕಸ್ಸಿಗೆ ಹೋಗು ಎಂದವರು ಈಗ ತಾವೇ ಟಿಕೇಟಿಗೆ ಸಾಲು ನಿಂತಿದ್ದಾರೆಂದು?

ಮಾಡಿ ಕೊಡುತ್ತೇನೆ ಅಣ್ಣ. ಅಂಗೈಯಗಲದ ಪರದೆ, ಹಿಂದೆ ಒಂದು ಪುಟ್ಟ ಬೋರ್ಡು. ಪ್ರೋಗ್ರಾಂ ನಾನೇ ಬರೆಯುತ್ತೇನೆ. ಬೆರಳಿಟ್ಟರೆ ಬ್ಯಾಂಡ್ ಬದಲಾಗುತ್ತದೆ, ಎಳೆದರೆ ಸ್ಟೇಷನ್ ಸರಿಯುತ್ತದೆ. ಕೆಳಗಿನ ಅರ್ಧದಲ್ಲಿ ವಾಟರ್‌ಫಾಲ್ ಇರುತ್ತದೆ. ನೀಲಿ ಬಣ್ಣ ಮೇಲಿನಿಂದ ಕೆಳಕ್ಕೆ ಸುರಿಯುತ್ತಲೇ ಇರುತ್ತದೆ, ಯಾರಾದರೂ ಮಾತಾಡುತ್ತಿದ್ದರೆ ಅವರಿರುವ ಜಾಗದಲ್ಲಿ ಮಾತ್ರ ಹಳದಿ ಏಳುತ್ತದೆ. ಒಂದು ನೋಟಕ್ಕೆ ಯಾರು ಎಲ್ಲಿದ್ದಾರೆಂದು ಗೊತ್ತಾಗುತ್ತದೆ. ನಿಮ್ಮ ಹಿತ್ತಾಳೆ ಗುಂಡಿಯನ್ನು ಮುಟ್ಟುವುದಿಲ್ಲ, ಹೆದರಬೇಡಿ. ನಿಮಗೆ ಏನೇನು ಬೇಕು ಎಂದು ಬರೆದು ಕಳಿಸಿ.

ಭಾನುವಾರ ಬೆಳಿಗ್ಗೆ ಬಹಳ ಖಾಲಿಯಾಗಿದೆ. ಇವರು ಲಾರಿ ಹತ್ತಿ ಹೋಗಿ ತಿಂಗಳಾಯಿತು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಕಿವಿ ಪೂರ್ತಿ ಹೋಗಿದೆ ಅಣ್ಣ. ಒಂದು ಮಾತಿಗೆ ನಾಲ್ಕು ಸಲ ಕಿರುಚಬೇಕು, ಐದನೆಯ ಸಲಕ್ಕೆ ಏನು ಹೇಳಬೇಕೆಂದಿದ್ದೆ ಎನ್ನುವುದೇ ಮರೆತುಹೋಗಿರುತ್ತದೆ. ಈಗೀಗ ಹೇಳುವುದನ್ನೇ ಬಿಟ್ಟಿದ್ದೇನೆ. ತಟ್ಟೆ ಇಡುತ್ತೇನೆ, ತಟ್ಟೆ ಎತ್ತುತ್ತೇನೆ. ಕಿವುಡರ ಜೊತೆ ಇರುವುದಕ್ಕಿಂತ ಒಬ್ಬಳೇ ಇರುವುದು ವಾಸಿ, ಗಂಟಲಾದರೂ ಉಳಿಯುತ್ತದೆ. ಪಾಪ ಅನ್ನಿಸುತ್ತದೆ, ಆದರೆ ಪಾಪ ಅನ್ನಿಸುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ. ಒಂದು ಮಾತನ್ನು ಒಂದೇ ಸಲ ಹೇಳಿದರೆ ಸಾಕು ಅನ್ನುವಂಥ ಮನುಷ್ಯ ನನಗೆ ನೀವೊಬ್ಬರೇ. ಬೇಗ ಸೆಟ್ಟು ಜೋಡಿಸಿಕೊಳ್ಳಿ.

ನಿಮ್ಮ ತಕ್ಕಡಿ


ಮಾರ್ಚ್ 2, ಭಾನುವಾರ

ತಂಗೀ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಂದು ಸಲ ಹೇಳಿಕೊಂಡಂತಾದರೂ ಆಗಲಿ.

ನನಗೆ ಕಿವಿ ಹೋಗಿದೆ.

ಸೆಟ್ಟಿಗೆ ಏನೂ ಆಗಿಲ್ಲ. ಡಿಸ್‌ಪ್ಲೇ ಅರ್ಧ ಸತ್ತಿರುವುದು ನಿಜ, ಅದು ಸತ್ತು ಎರಡು ವರ್ಷವಾಯಿತು. ಆ ಗುಂಡಿಯನ್ನು ನಾನು ಕಣ್ಣು ಮುಚ್ಚಿ ತಿರುಗಿಸಬಲ್ಲೆ. ಹೋಗಿರುವುದು ನನ್ನ ಕಿವಿ. ಬಲಗಿವಿ ಯಾವತ್ತೋ ಮಗ್ಗದ ಶೆಡ್ಡಿನಲ್ಲಿ ಉಳಿದುಹೋಯಿತು. ಎಡಗಿವಿಯಲ್ಲಿ ದಿನ ತಳ್ಳುತ್ತಿದ್ದೆ. ಈ ಚಳಿಗಾಲಕ್ಕೆ ಅದೂ ಕೈಕೊಟ್ಟಿತು. ಮಾತು ಬರುತ್ತಿದೆ ಎಂದು ಗೊತ್ತಾಗುತ್ತದೆ, ಏನು ಮಾತು ಎಂದು ಗೊತ್ತಾಗುವುದಿಲ್ಲ, ನೀರಿನ ತಳದಲ್ಲಿ ಕೂತವನಿಗೆ ದಡದಿಂದ ಯಾರೋ ಕೂಗಿದ ಹಾಗೆ. ಕಿವಿಗೆ ಮಿಷಿನ್ ಹಾಕಿಕೊಂಡರೆ ಸದ್ದು ದೊಡ್ಡದಾಗುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಬಾಯಲ್ಲಿ ಹೇಳಲು ಅವರೂ ಬೇಸತ್ತಿದ್ದರು.

ಗಿರಣಿಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಮಗ್ಗ ಓಡುವಾಗ ಅಲ್ಲಿ ಎಲ್ಲರೂ ಕಿವುಡರೇ. ಬೆಲ್ಟ್ ಹರಿದರೆ ಮೊಣಕೈ ತೋರಿಸುತ್ತಾರೆ, ಫ್ಯೂಸ್ ಹೋದರೆ ಚಿಟಿಕೆ ಹೊಡೆದ ಹಾಗೆ ಮಾಡುತ್ತಾರೆ, ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಮನೆಗೆ ಬಂದರೆ ಮೂರನೇ ಮಹಡಿಯ ಈ ಕೋಣೆ. ನಿನ್ನ ಅತ್ತಿಗೆ ಹೋದ ಮೇಲೆ ಇಲ್ಲಿ ಮಾತಾಡುವವರು ಯಾರಿದ್ದಾರೆ? ಹೀಗಾಗಿ ಈ ಪ್ರಪಂಚದಲ್ಲಿ ನನ್ನ ಕಿವಿ ಬೇಕಾಗಿದ್ದದ್ದು ನಿನಗೆ ಒಬ್ಬಳಿಗೆ. ತುಟಿ ಕಾಣದಿದ್ದದ್ದೂ ನಿನ್ನದೊಂದೇ.

ಕೇಳಿಸದಿದ್ದರೆ ನೋಡೋಣ, ನೀನು ಬಂದಿದ್ದೀಯ ಎಂಬುದಾದರೂ ಕಾಣಲಿ ಎಂದು ಪರದೆ ಕೇಳಿದೆ. ನಿನ್ನ ಉತ್ತರ ಬಂದ ಮೇಲೆ ನಿಜ ಹೇಳಿಬಿಡಬೇಕೆಂದೇ ಇದ್ದೆ. ಉತ್ತರ ಬಂತು. ಅತ್ತೆಯ ವಿಷಯ ಓದಿದೆ, ನನ್ನ ವಿಷಯವನ್ನೂ ಓದಿದೆ. ಒಂದೇ ಸಲ ಹೇಳಿದರೆ ಸಾಕು ಅನ್ನುವಂಥ ಮನುಷ್ಯ ಈಗ ಇಲ್ಲಮ್ಮ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ?


ಮಾರ್ಚ್ 3, ಸೋಮವಾರ

ತಕ್ಕಡಿ ತಂಗಿಗೆ,

ನಗು, ನಗು. ನಗುವ ಕಾಲ ನಿನ್ನದು.

ಬೇಕಾದದ್ದು ಇಷ್ಟೇ. ವಾಟರ್‌ಫಾಲ್ ಅರ್ಧ ಪರದೆ ಸಾಲದು, ಮುಕ್ಕಾಲು ಕೊಡು. ಬಣ್ಣ ಗಾಢವಾಗಿರಲಿ, ಸಣ್ಣ ಸಿಗ್ನಲ್ ಕೂಡ ಎದ್ದು ಕಾಣಬೇಕು. ಸದ್ದಿನ ಗುಂಡಿ, ಟೋನಿನ ಗುಂಡಿ ಇವನ್ನೆಲ್ಲ ಪರದೆಯ ಮೇಲೆ ಹಾಕಿ ಜಾಗ ಹಾಳು ಮಾಡಬೇಡ. ಸ್ಪೀಕರ್ ಪೆಟ್ಟಿಗೆಯ ಹಿಂದಕ್ಕೆ ಹೋದರೂ ನಡೆಯುತ್ತದೆ. ಇನ್ನೊಂದು ಕೇಳುತ್ತೇನೆ, ಸುಮ್ಮನೆ ಕುತೂಹಲಕ್ಕೆ: ಯಾರಾದರೂ ನಿಧಾನವಾಗಿ ಮೋರ್ಸ್ ಸಂಕೇತ ಬಡಿದರೆ ಅದರ ಚುಕ್ಕೆ, ಗೆರೆಗಳು ಈ ವಾಟರ್‌ಫಾಲಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆಯೇ? ನೀನು ಮೋರ್ಸ್ ಬಿಟ್ಟು ಎಷ್ಟು ಕಾಲವಾಯಿತು! ನಿನ್ನ ಕೈ ನನಗೆ ಇನ್ನೂ ನೆನಪಿದೆ. ಪ್ರತಿ ಮಾತಿನ ಕೊನೆಯ ಗೆರೆಯನ್ನು ಎಳೆದೇ ಎಳೆಯುತ್ತಿದ್ದೆ, ಹೊರಟೆ ಹೊರಟೆ ಎಂದು ಬಾಗಿಲಲ್ಲೇ ನಿಂತು ಮಾತಾಡುವವರ ಹಾಗೆ. ನಾನು ಗೇಲಿ ಮಾಡಿದ್ದಕ್ಕೇ ಬಿಟ್ಟೆಯಲ್ಲವೇ?

ಅತ್ತೆಯವರ ವಿಷಯ ಬರೆದಿದ್ದೆ. ಕಷ್ಟ ನಿಜ. ಕಿರುಚಬೇಡ, ಕಿರುಚಿದರೆ ಮುಖ ಸೊಟ್ಟಗಾಗುತ್ತದೆ, ಆಗ ತುಟಿ ಓದಲಾಗುವುದಿಲ್ಲ. ಬೆಳಕಿಗೆ ಮುಖ ಕೊಟ್ಟು ನಿಧಾನವಾಗಿ ಹೇಳಿ ನೋಡು. ಗಿರಣಿಯಲ್ಲಿ ನಾವು ಹಾಗೇ ಮಾಡುವುದು.

ಗಿರಣಿ ಅಣ್ಣ


ಮಾರ್ಚ್ 23, ಭಾನುವಾರ

ಅಣ್ಣನವರಿಗೆ,

ಈ ಪೆಟ್ಟಿಗೆ ಬಿಚ್ಚುವಾಗ ಚಾಕು ಹಾಕಬೇಡಿ, ಪರದೆ ಮೇಲ್ಗಡೆಯೇ ಇದೆ. ಅತ್ತೆಯ ಹಳೆಯ ಶಾಲಿನಲ್ಲಿ ಸುತ್ತಿದ್ದೇನೆ. ಶಾಲು ವಾಪಸ್ ಬೇಡ, ಅದಕ್ಕೆ ಹುಳು ಬಿದ್ದಿದೆ.

ಎಲ್ಲ ಜೋಡಿಸಿಯೇ ಕಳಿಸುತ್ತಿದ್ದೇನೆ. ನೀವು ಮಾಡಬೇಕಾದ್ದು, ಹಳೆಯ ಡಿಸ್‌ಪ್ಲೇ ಕಿತ್ತು ಅದರ ಕಿಂಡಿಯನ್ನು ಅರದಿಂದ ಸ್ವಲ್ಪ ಅಗಲ ಮಾಡಿಕೊಳ್ಳುವುದು, ಕೆಂಪು, ಕಪ್ಪು ತಂತಿ ಕರೆಂಟಿಗೆ, ಉಳಿದವು ನಾನು ಚೀಟಿ ಅಂಟಿಸಿದ ಕಡೆಗೆ. ಮೊದಲ ಸಲ ಹಚ್ಚಿದಾಗ ನಾಲ್ಕು ಮೂಲೆಯಲ್ಲಿ ನಾಲ್ಕು ಚಿಹ್ನೆ ಬರುತ್ತವೆ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ. ಬೆರಳು ಯಾವುದು ಎಂದು ಅದಕ್ಕೆ ಪರಿಚಯವಾಗಬೇಕು. ನಿಮ್ಮ ಬೆರಳು ಎಲೆಕ್ಟ್ರಿಷಿಯನ್ ಬೆರಳು, ದಪ್ಪ ಚರ್ಮ. ಮುಟ್ಟಿದರೆ ಗೊತ್ತಾಗದಿದ್ದರೆ ಉಗುರಿನಿಂದ ಒತ್ತಿ.

ನೀವು ಕೇಳಿದ ಹಾಗೆ ಮುಕ್ಕಾಲು ಪರದೆ ವಾಟರ್‌ಫಾಲಿಗೇ ಕೊಟ್ಟಿದ್ದೇನೆ. ಸದ್ದಿನ ಗುಂಡಿ ಬೇಡವೆನ್ನುವ ರೇಡಿಯೋದವರನ್ನು ನಾನು ಇದೇ ಮೊದಲು ನೋಡಿದ್ದು. ಮೋರ್ಸ್ ಕಾಣುತ್ತದೆ, ತೀರಾ ನಿಧಾನವಾಗಿ ಬಡಿದರೆ. ಆದರೆ ಕಿವಿ ಇರುವಾಗ ಅದನ್ನು ನೋಡಿಕೊಂಡು ಯಾರು ಕೂರುತ್ತಾರೆ? ಜೋಡಿಸಿದ ಮೇಲೆ ಸದ್ದು ಹೇಗಿದೆ, ಸ್ವಚ್ಛವಾಗಿದೆಯಾ ಎಂದು ಖಂಡಿತ ಬರೆಯಿರಿ. ಅದೊಂದೇ ನನಗೆ ಅಳುಕು.

ಏಪ್ರಿಲ್ ಮೊದಲ ಭಾನುವಾರ ನಮ್ಮ ಹೊತ್ತಿಗೆ ನಮ್ಮ ಜಾಗದಲ್ಲಿ ಕರೆಯುತ್ತೇನೆ. ಹೇಳುವುದು ಒಂದು ಮೂಟೆ ಇದೆ.

ನಿಮ್ಮ ತಕ್ಕಡಿ


ಏಪ್ರಿಲ್ 7, ಸೋಮವಾರ

ತಂಗೀ,

ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು. ಪರದೆ ಹತ್ತಿಕೊಂಡ ಕೂಡಲೇ ಕೋಣೆಯ ಗೋಡೆಯೆಲ್ಲ ನೀಲಿಯಾಯಿತು. ನಾನು ಆವತ್ತು ರಾತ್ರಿ ಬಲ್ಬನ್ನೇ ಹಾಕಲಿಲ್ಲ. ನಾಲ್ಕು ಮೂಲೆ ಮುಟ್ಟಿಸಿದೆ, ಮೂರನೆಯದು ಮಾತ್ರ ಹಟ ಮಾಡಿತು. ಈಗ ಬೆರಳಿಟ್ಟರೆ ಸರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಗಿರಣಿಯಿಂದ ಬಂದವನೇ ಕೈ ತೊಳೆದು ಅದರ ಮುಂದೆ ಕೂರುತ್ತೇನೆ, ಬ್ರೆಡ್ಡು ಚಹಾ ಎಲ್ಲ ಅಲ್ಲೇ. ದೂರದ ಸ್ಟೇಷನ್ನುಗಳು ಸಂಜೆಯಾದ ಹಾಗೆ ಒಂದೊಂದೇ ಏಳುತ್ತವೆ. ಯಾರು, ಏನು, ಯಾವ ದೇಶ ಎಂದು ಗೊತ್ತಿಲ್ಲ. ಇದ್ದಾರೆ ಎಂದು ಮಾತ್ರ ಗೊತ್ತಾಗುತ್ತದೆ. ನನಗೆ ಅಷ್ಟು ಸಾಕು.

ಸದ್ದಿನ ವಿಷಯ ಕೇಳಿದ್ದೆ. ಬಹಳ ಸ್ವಚ್ಛ. ಒಂದು ಕೊಂಕಿಲ್ಲ.

ನನಗೊಬ್ಬ ನೆರೆಯವನು ಸಿಕ್ಕಿದ್ದಾನೆ. ಸರಿಯಾಗಿ ನಮ್ಮ ಜಾಗದಲ್ಲೇ ಒಂದು ಹಳದಿ ಗೆರೆ, ದಾರ ಹಿಡಿದು ಎಳೆದಷ್ಟು ನೇರ, ಎರಡೂ ಪಕ್ಕಕ್ಕೆ ಒಂದಿಷ್ಟು ಮಂಜು ಕವಿದ ಹಾಗೆ. ಸೆಟ್ಟು ಹಚ್ಚಿದ ಕ್ಷಣದಿಂದ ಆರಿಸುವ ತನಕ ಕದಲುವುದಿಲ್ಲ. ಬೇರೆಯವರು ಬರುತ್ತಾರೆ, ಹೋಗುತ್ತಾರೆ. ಇವನು ಹೋಗುವುದೇ ಇಲ್ಲ. ಯಾರೋ ನನ್ನ ಹಾಗೆ ಮನೆಯಲ್ಲಿ ಯಾರೂ ಇಲ್ಲದವನು ಮೋರ್ಸ್ ಕೀ ಒತ್ತಿಕೊಂಡು ಕೂತಿರಬೇಕು, ಯಾರಾದರೂ ನೋಡಲಿ ಎಂದು. ಮೊದಮೊದಲು ಜಾಗ ಖಾಲಿ ಮಾಡಬಾರದೇ ಎಂದು ಸಿಟ್ಟು ಬಂದಿತ್ತು. ಈಗ ಗಿರಣಿಯಿಂದ ಬಂದ ಕೂಡಲೇ ಏನಪ್ಪಾ, ಇದ್ದೀಯಾ ಎಂದು ಕೇಳುತ್ತೇನೆ. ಇರುತ್ತಾನೆ. ಅವನಿಗೆ ಸುದ್ದಿಯನ್ನೂ ಹೇಳುವ ಅಭ್ಯಾಸವಾಗಿದೆ, ನೀನು ನಗಬೇಡ.

ಆದರೆ ನಿನ್ನೆ ಭಾನುವಾರ ನೀನು ಬರಲಿಲ್ಲ. ಹೊತ್ತಿಗೆ ಮುಂಚೆಯೇ ಅಂಗಿ ಬದಲಾಯಿಸಿ ಕೂತಿದ್ದೆ. ಮಧ್ಯಾಹ್ನದ ತನಕ ಕಣ್ಣು ಕೀಳದೆ ನೋಡಿದೆ. ನಮ್ಮ ಜಾಗದಲ್ಲಿ ಅವನೊಬ್ಬನೇ ಇದ್ದ. ಅತ್ತೆಗೆ ಹುಷಾರಿಲ್ಲವೇ? ಭಾವನವರು ಬಂದರೇ?

ಅಣ್ಣ


ಏಪ್ರಿಲ್ 16, ಬುಧವಾರ

ಅಣ್ಣನವರಿಗೆ,

ನೀವು ಹೀಗೆ ಬರೆಯುತ್ತೀರೆಂದು ನಾನು ಅಂದುಕೊಂಡಿರಲಿಲ್ಲ.

ನಾನು ಬಂದಿದ್ದೆ. ಮೊದಲ ಭಾನುವಾರವೂ ಬಂದಿದ್ದೆ, ಮೊನ್ನೆ ಭಾನುವಾರವೂ ಬಂದಿದ್ದೆ. ನಮ್ಮ ಹೊತ್ತಿಗೆ, ನಮ್ಮ ಜಾಗದಲ್ಲೇ, ಗಂಟಲು ಒಣಗುವ ತನಕ ಕರೆದೆ. ಪಕ್ಕದ ರಾಜ್ಯದ ಬಡಗಿಯೊಬ್ಬರು, ನಿಮಗೂ ಗೊತ್ತಿರುವವರೇ, ನಡುವೆ ಬಂದು "ಏನಮ್ಮಾ, ನಿಮ್ ಅಣ್ಣ ಎದ್ದಿಲ್ವಾ ಇನ್ನೂ?" ಎಂದರು. ಅವರಿಗೆ ನಾನು ಚೆನ್ನಾಗಿ ಕೇಳಿಸುತ್ತಿದ್ದೆ. ಅವರಿಗಿಂತ ಹತ್ತಿರವಿರುವ ನಿಮಗೆ, ಅದೂ ಸ್ವಚ್ಛವಾದ ಸೆಟ್ಟು ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದ ನಿಮಗೆ ಕೇಳಿಸಲಿಲ್ಲವೇ? ಆ ಜಾಗದಲ್ಲಿ ಬೇರೆ ಯಾರೂ ಇಲ್ಲ ಅಣ್ಣ. ಯಾವ ನೆರೆಯವನೂ ಇಲ್ಲ. ನಾನು ಕಿವಿಗೊಟ್ಟು ಕೇಳಿದ್ದೇನೆ, ಪರದೆಯಲ್ಲೂ ನೋಡಿದ್ದೇನೆ. ಬಡಗಿಯವರಿಗೂ ಕಾಣುವುದಿಲ್ಲವಂತೆ.

ನಿಮಗೆ ನನ್ನ ಜೊತೆ ಮಾತು ಸಾಕಾಗಿದ್ದರೆ ನೇರವಾಗಿ ಹೇಳಿ. ಫೆಬ್ರವರಿಯಲ್ಲೇ ಅರ್ಧಕ್ಕೆ ಎದ್ದು ಹೋಗಿದ್ದಿರಿ. ಮನೆಯ ರಾಮಾಯಣವನ್ನು ನಿಮ್ಮ ಕಿವಿಗೆ ಸುರಿಯುತ್ತೇನೆ, ಗೊತ್ತು. ಬೇಜಾರಾಗಿರಬಹುದು. ಹಾಗೆಂದು ಇಲ್ಲದ ಮನುಷ್ಯನನ್ನು ಹುಟ್ಟಿಸಿ ನೆಪ ಹೇಳಬೇಕಾಗಿರಲಿಲ್ಲ. ಆ ಪರದೆಗೆ ನಾನು ಎಷ್ಟು ಆಸೆಯಿಂದ ಬಣ್ಣ ಆರಿಸಿದ್ದೆ.


ಏಪ್ರಿಲ್ 29, ಮಂಗಳವಾರ

ತಂಗಿಗೆ,

ನಿನಗೆ ನಾನು ಸುಳ್ಳು ಹೇಳಿಲ್ಲ. ನೀನು ಬಂದಿದ್ದರೆ ನನಗೆ ಕಾಣುತ್ತಿದ್ದೆ.

ಜಗಳ ಬೇಡ. ತಪ್ಪೆಲ್ಲ ನನ್ನ ಮೇಲೇ ಇರಲಿ. ನಿನ್ನ ಮಾತು ಬೇಜಾರು ಎಂದು ಮಾತ್ರ ತಿಳಿಯಬೇಡ, ಅದೊಂದನ್ನು ಸಹಿಸಲಾರೆ. ಯೋಚಿಸಿ ನೋಡಿದರೆ ರೇಡಿಯೋ ನನಗೆ ಇನ್ನು ಸಾಕು ಅನ್ನಿಸುತ್ತದೆ. ಕಣ್ಣೂ ದಣಿಯುತ್ತದೆ, ಶಿಫ್ಟೂ ಹೆಚ್ಚಾಗಿದೆ. ಬರುವ ತಿಂಗಳು ಪರದೆ ಬಿಚ್ಚಿ ನಿನಗೆ ವಾಪಸ್ ಕಳಿಸುತ್ತೇನೆ, ಒಂದು ಗೀರೂ ಬಿದ್ದಿಲ್ಲ. ಪೆಟ್ಟಿಗೆ ಗಿರಣಿಯದೇ, ಗಿರಣಿಗೇ ಹೋಗಲಿ. ಹಿತ್ತಾಳೆ ಗುಂಡಿಯನ್ನು ನೀನು ಇಟ್ಟುಕೊ.

ನಿನಗೂ ಭಾನುವಾರ ಬೆಳಿಗ್ಗೆ ಮನೆಯಲ್ಲಿ ನೂರು ಕೆಲಸವಿರುತ್ತದೆ. ಅತ್ತೆಯವರನ್ನು ಬಿಸಿಲಿಗೆ ಕೂರಿಸು.

ಅಣ್ಣ


ಮೇ 12, ಸೋಮವಾರ

ಅಣ್ಣಾ,

ಬಿಚ್ಚಬೇಡಿ. ಈ ಕಾಗದ ಬರುವ ಮೊದಲೇ ಬಿಚ್ಚಿದ್ದರೆ ಮತ್ತೆ ಜೋಡಿಸಿ.

ನಿನ್ನೆ ಅತ್ತೆಯ ಮಂಚದ ಪಕ್ಕ ನೀರಿನ ಲೋಟದ ಮೇಲೆ ಒಂದು ತಗಡು ಮುಚ್ಚಿರುವುದು ಕಂಡೆ. ನಾಲ್ಕು ಅಂಚು ಮಡಿಚಿದ ತಗಡು, ಅಂಗೈಯಗಲ. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಕಿರುಚಲಿಲ್ಲ, ನೀವು ಹೇಳಿಕೊಟ್ಟ ಹಾಗೆ ಕಿಟಕಿ ಕಡೆಗೆ ಮುಖ ಮಾಡಿ ನಿಧಾನವಾಗಿ ಕೇಳಿದೆ. ಅವರು ಮೊದಲ ಸಲಕ್ಕೇ "ನಿನ್ ಮೇಜಿನ್ ಮೇಲಿತ್ತಲ್ಲಮ್ಮ, ಲೋಟಕ್ಕೆ ಸರಿಹೋಯ್ತು" ಎಂದರು. ಶಾಲಿನ ಜೊತೆ ಅದನ್ನೂ ಎತ್ತಿಕೊಟ್ಟಿದ್ದರಂತೆ, ನಾನು ಶಾಲು ಮಾತ್ರ ತೆಗೆದುಕೊಂಡೆನಂತೆ.

ಅಣ್ಣ, ಅದು ನಿಮ್ಮ ಪರದೆಯ ತಗಡು. ಪರದೆಯ ಬೆನ್ನಿಗೆ ಬೆಸೆದು ಕಳಿಸಬೇಕಾಗಿದ್ದ ಕವಚ. ಬೆಸೆದಿದ್ದೇನೆ ಎಂದೇ ನಾನು ನಂಬಿಕೊಂಡಿದ್ದೆ. ಅದಿಲ್ಲದಿದ್ದರೆ ಆ ಪರದೆ ತಾನೇ ಒಂದು ಸಣ್ಣ ಸ್ಟೇಷನ್ನಾಗಿ ಕೂಗಿಕೊಳ್ಳುತ್ತದೆ, ರೇಡಿಯೋ ಅದನ್ನು ಹಿಡಿದು ಸ್ಪೀಕರಿನಲ್ಲಿ ಸಿಳ್ಳೆ ಹಾಕುತ್ತದೆ. ಅಂತಿಂಥ ಸಿಳ್ಳೆಯಲ್ಲ. ನನ್ನ ಸೆಟ್ಟಿಗೆ ಮೊದಲ ಸಲ ಪರದೆ ಹಾಕಿದಾಗ ನಾನು ಐದು ನಿಮಿಷ ಕೂರಲಾರದೆ ಹೊರಗೆ ಓಡಿದ್ದೆ.

ನೀವು ಅದರ ಮುಂದೆ ಒಂದು ತಿಂಗಳು ಚಹಾ ಕುಡಿದುಕೊಂಡು ಕೂತಿದ್ದೀರಿ. ಸ್ವಚ್ಛವಾಗಿದೆ ಎಂದು ಬರೆದಿರಿ. ಅದನ್ನು ನೆರೆಯವನೆಂದು ಮಾತಾಡಿಸಿದಿರಿ.

ಲೋಟ ಕೈಯಲ್ಲಿ ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟೆ. ಸದ್ದಿನ ಗುಂಡಿ ಯಾಕೆ ಬೇಡವಾಯಿತು, ಕಿರುಚಿದರೆ ಮುಖ ಸೊಟ್ಟಗಾಗುತ್ತದೆ ಎಂದು ನಿಮಗೆ ಹೇಗೆ ಗೊತ್ತು, ನನಗೆ ಕಾಣುತ್ತಿದ್ದೆ ಎಂದು ಯಾಕೆ ಬರೆದಿರಿ, ಎಲ್ಲ ಒಟ್ಟಿಗೆ ಬಂದು ಎದುರಿಗೆ ನಿಂತವು. ಆಮೇಲೆ ನಾನು ಅತ್ತೆಯ ಬಗ್ಗೆ ಬರೆದದ್ದು ನೆನಪಾಯಿತು. ಒಬ್ಬಳೇ ಇರುವುದು ವಾಸಿ ಎಂದೆನಲ್ಲ, ಅದು ಯಾರ ಕೈಗೆ ಹೋಗಿ ಸೇರಿತು ಎಂದು ಈಗ ತಿಳಿಯಿತು. ಬರೆದದ್ದನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ. ಅದು ಸುಳ್ಳಾಗಿತ್ತು ಎಂದು ಮಾತ್ರ ಹೇಳುತ್ತೇನೆ. ನಿನ್ನೆಯಿಂದ ಅತ್ತೆ ಬಾಯಿ ಮುಚ್ಚಿಲ್ಲ. ಇವರು ಚಿಕ್ಕವರಿದ್ದಾಗಿನ ಕಥೆಯೆಲ್ಲ ಹೇಳುತ್ತಿದ್ದಾರೆ.

ಇನ್ನೊಂದು ವಿಷಯ, ಇದೇ ಮುಖ್ಯ. ಆ ಹಳದಿ ಗೆರೆ ಸರಿಯಾಗಿ ನಮ್ಮ ಜಾಗದ ಮೇಲೆ ಕೂತಿತ್ತು. ನಾನು ಅದರ ಹಿಂದೆ ನಿಂತು ಕರೆಯುತ್ತಿದ್ದೆ. ನೀವು ನೋಡುತ್ತಲೇ ಇದ್ದಿರಿ, ನಾನು ಕಾಣಲಿಲ್ಲ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ತಗಡು ಇದರಲ್ಲಿದೆ, ಲೋಟದ ಗುರುತು ಒರೆಸಿದ್ದೇನೆ. ಅತ್ತೆ ಒಲ್ಲದ ಮನಸ್ಸಿನಿಂದ ಕೊಟ್ಟಿದ್ದಾರೆ. ನಾಲ್ಕು ಮೂಲೆಗೂ ಬೆಸುಗೆ ಹಾಕಿ. ಜೂನ್ ಮೊದಲ ಭಾನುವಾರ, ನಮ್ಮ ಹೊತ್ತಿಗೆ. ನಾನು ಮಾತಾಡುವುದಿಲ್ಲ. ಹಳೆಯ ಮೋರ್ಸ್ ಕೀ ಹುಡುಕಿ ತುಕ್ಕು ಉಜ್ಜಿ ಇಟ್ಟಿದ್ದೇನೆ. ತೀರಾ ನಿಧಾನವಾಗಿ ಬಡಿಯುತ್ತೇನೆ.

ನಿಮ್ಮ ತಕ್ಕಡಿ


ಜೂನ್ 2, ಸೋಮವಾರ

ತಂಗೀ,

ಪರದೆ ಬಿಚ್ಚಿಯಾಗಿತ್ತು. ಅದೇ ಶಾಲಿನಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟಿದ್ದೆ, ಪೆಟ್ಟಿಗೆಗೆ ಹಗ್ಗ ಬಿಗಿಯುವುದಷ್ಟೇ ಬಾಕಿ. ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಕೆಳಗಿನ ಮನೆಯಾಕೆ ಏನೋ ಕೇಳಿದರು. ತಲೆಯಾಡಿಸಿದೆ. ಆಮೇಲೆ ನಿಂತು, ನನಗೆ ಕಿವಿ ಕೇಳಿಸುವುದಿಲ್ಲಮ್ಮ, ಈ ಕಡೆ ತಿರುಗಿ ಹೇಳಿ ಎಂದೆ. ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಆಕೆ ಕೇಳಿದ್ದು ನೀರಿನ ಮೋಟಾರಿನ ವಿಷಯ. ಹೋಗಿ ಸರಿ ಮಾಡಿ ಕೊಟ್ಟೆ.

ಆವತ್ತೇ ಪರದೆಯನ್ನು ಮತ್ತೆ ಕೂರಿಸಿದೆ. ತಗಡನ್ನು ಮಾತ್ರ ಬೆಸೆಯಲು ಮನಸ್ಸಾಗಲಿಲ್ಲ, ನೆರೆಯವನಿಗೆ ಇನ್ನಷ್ಟು ದಿನ ಕೊಟ್ಟೆ. ನಿನ್ನೆ ಬೆಳಿಗ್ಗೆ ನಮ್ಮ ಹೊತ್ತಿಗೆ ಅದನ್ನು ಸುಮ್ಮನೆ ಪರದೆಯ ಬೆನ್ನಿಗೆ ಒತ್ತಿ ಹಿಡಿದೆ. ಗೆರೆ ಇದ್ದಕ್ಕಿದ್ದಂತೆ ಹೋಯಿತು. ಹಳೆಯ ಹಳದಿ ಜಾರುತ್ತ ಜಾರುತ್ತ ಪರದೆಯ ಕೆಳಗೆ ಮುಳುಗಿತು. ಮೇಲೆ ಬರೀ ನೀಲಿ. ಹೇಳಿದರೆ ನಗುತ್ತೀಯ, ಹೋಗಿ ಬಾರಪ್ಪಾ ಎಂದು ಬಾಯಿಬಿಟ್ಟು ಹೇಳಿದೆ. ಎಷ್ಟಾದರೂ ಎರಡು ತಿಂಗಳು ಜೊತೆಗಿದ್ದವನು.

ಆ ನೀಲಿಯಲ್ಲಿ ಒಂದು ಚುಕ್ಕೆ ಎದ್ದಿತು. ಅದರ ಹಿಂದೆ ಒಂದು ಗೆರೆ. ನಾನು ಪೆನ್ಸಿಲ್ ಹಿಡಿದುಕೊಂಡಿದ್ದೆ, ಬೇಕಾಗಲಿಲ್ಲ. ಮೊದಲ ಮಾತಿನ ಕೊನೆಯ ಗೆರೆಯನ್ನು ನೀನು ಎಳೆದೆ, ಎಳೆದೇ ಎಳೆದೆ, ಬಾಗಿಲಲ್ಲಿ ನಿಂತುಕೊಂಡ ಹಾಗೆ. ಅಕ್ಷರ ಕೂಡಿಸುವ ಮೊದಲೇ ನೀನೆಂದು ಗೊತ್ತಾಯಿತು. ನಿನ್ನ ದನಿ ನನಗೆ ಇನ್ನು ಯಾವತ್ತೂ ಕೇಳುವುದಿಲ್ಲ ತಂಗಿ, ಅದಕ್ಕೆ ನಾನು ಬೇಕಾದಷ್ಟು ಅತ್ತಿದ್ದೇನೆ. ಕೈ ಮಾತ್ರ ಹಾಗೇ ಇದೆ. ಒಂಚೂರೂ ಸುಧಾರಿಸಿಲ್ಲ.

ಅಣ್ಣಾ ತಿಂಡಿ ಆಯ್ತಾ, ಎಂದು ನೀನು ಕೇಳಿದೆ. ಅಷ್ಟನ್ನು ಕೇಳಲು ಒಂದು ಲೋಟ ಚಹಾ ಆರುವಷ್ಟು ಹೊತ್ತು ಹಿಡಿಯಿತು. ಉತ್ತರ ಬರದಿದ್ದಾಗ ಮತ್ತೆ ಕೇಳಿದೆ, ಇನ್ನೂ ನಿಧಾನವಾಗಿ. ಮತ್ತೆ, ಮತ್ತೆ. ನಾಲ್ಕು ಸಲವಾಯಿತು. ನನಗೆ ತಿಳಿಯುತ್ತಿಲ್ಲ ಎಂದುಕೊಂಡಿರುತ್ತೀಯ. ನಾನು ಮೊದಲ ಸಲಕ್ಕೇ ಓದಿದ್ದೆ. ಉತ್ತರ ಕೊಟ್ಟರೆ ನೀನು ನಿಲ್ಲಿಸಿಬಿಡುತ್ತೀಯಲ್ಲ ಎಂದು ನೋಡುತ್ತ ಕೂತಿದ್ದೆ. ಆಮೇಲೆ ಆಯ್ತು ಎಂದು ಬಡಿದೆ, ಆಗಿರಲಿಲ್ಲ.

ತಗಡನ್ನು ಇವತ್ತಿಗೂ ಬೆಸೆದಿಲ್ಲ. ಒಂದು ಪಕ್ಕಕ್ಕೆ ಕೀಲು ಹಾಕಿ, ಇನ್ನೊಂದು ಪಕ್ಕಕ್ಕೆ ಸಣ್ಣ ಚಿಲಕ ಇಟ್ಟಿದ್ದೇನೆ, ತೆಗೆದು ಮುಚ್ಚಲು ಬರುವ ಹಾಗೆ. ಕೆಲಸ ಕೆಟ್ಟಿತೆಂದು ಬೈಯಬೇಡ. ವಾರವೆಲ್ಲ ತೆರೆದೇ ಇರುತ್ತದೆ, ಸಂಜೆ ಬಂದರೆ ಕೋಣೆಯಲ್ಲಿ ಅವನಾದರೂ ಇರಲಿ. ಯಾರೂ ಅಲ್ಲ ಎಂದು ಈಗ ಗೊತ್ತು. ಗೊತ್ತಿದ್ದೂ ಏನಪ್ಪಾ ಇದ್ದೀಯಾ ಎಂದು ಕೇಳುತ್ತೇನೆ.

ಭಾನುವಾರ ಬೆಳಿಗ್ಗೆ ಮಾತ್ರ ಅವನನ್ನು ಅಲ್ಲಿಂದ ಏಳಿಸಿ ಚಿಲಕ ಹಾಕುತ್ತೇನೆ. ಆ ಜಾಗ ನಿನ್ನದು.

ಅಣ್ಣ